ಜಗದೇವಪ್ಪ ತೂಗಿದ ಪ್ರೋಟೀನು

ಜಗದೇವಪ್ಪನವರ ಮೇಲಿನ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಬ್ಬರ ಬದುಕಿನ ಬಗ್ಗೆ ಬರೆಯಲು ಕೂತವರು ಸಾಮಾನ್ಯವಾಗಿ ಕೈಯಲ್ಲಿ ಹೂವಿನ ಹಾರ ಹಿಡಿದೇ ಕೂತಿರುತ್ತಾರೆ. ನನ್ನ ಕೈಯಲ್ಲಿ ಹಾರ ಇಲ್ಲ. ಹಾಗಂತ ಆ ಮನುಷ್ಯನನ್ನು ಮರೆಯಲೂ ಆಗಿಲ್ಲ, ಅದೇ ನನ್ನ ಕಷ್ಟ.

ನಾನು ಸರ್ವರಬೇಗಂ, ಆಳಂದದವಳು. ಗುಲಬರ್ಗಾದಲ್ಲಿ ಎಂ.ಎಸ್ಸಿ. ಮುಗಿಸಿ 1994ರಲ್ಲಿ ಅಫಜಲಪುರದ ಒಂದು ಸಣ್ಣ ಸಂಶೋಧನಾ ಘಟಕಕ್ಕೆ ಸೇರಿದೆ. ಆನೆಕಾಲು ರೋಗದ ಘಟಕ ಅದು. ಭೀಮಾ ದಂಡೆಯ ಹಳ್ಳಿಗಳಲ್ಲಿ ಆ ರೋಗ ಮನೆಮನೆಗೂ ಗೊತ್ತು. ಸೊಳ್ಳೆಯಿಂದ ಹುಳು ಮೈಗೆ ಸೇರುತ್ತದೆ, ಕಾಲು ಊದುತ್ತದೆ. ಗುಳಿಗೆ ಕೊಟ್ಟರೆ ಹುಳು ಸಾಯುತ್ತದೆ, ಆದರೆ ಊತ ಇಳಿಯುವುದಿಲ್ಲ. ಕಳ್ಳ ಹೋದ ಮೇಲೂ ಮನೆ ಯಾಕೆ ಹಾಳಾಗುತ್ತಲೇ ಇದೆ? ಇದೇ ನನ್ನ ಪಿಎಚ್.ಡಿ.ಯ ಪ್ರಶ್ನೆ. ಮೂರೂವರೆ ವರ್ಷದ ಶಿಷ್ಯವೇತನ, ಅಷ್ಟರಲ್ಲಿ ಉತ್ತರ ಕೊಡಬೇಕು.

ಆ ಘಟಕದ ಉಗ್ರಾಣ ನೋಡಿಕೊಳ್ಳುತ್ತಿದ್ದವರು ಜಗದೇವಪ್ಪ. ಎಲ್ಲರಿಗೂ ಕಾಕಾ. ಸ್ವಚ್ಛ ಬಿಳಿ ಧೋತರ, ಮೇಲೆ ಖಾಕಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ ಒಂದು ಕೆಂಪು. ಧೋತರವನ್ನು ಅವರು ಹಿಮ್ಮಡಿಯ ತನಕ ಇಳಿಬಿಡುತ್ತಿದ್ದರು, ಯಾಕೆಂದರೆ ಎಡಗಾಲು ಊದಿತ್ತು. ಆನೆಕಾಲಿನ ಘಟಕದಲ್ಲಿ ಆನೆಕಾಲಿನ ನೌಕರ! ನನ್ನ ರಿಜಿಸ್ಟರಿನಲ್ಲಿ ಒಂದನೆಯ ಹೆಸರು ಅವರದೇ. ಪ್ರತಿ ತಿಂಗಳ ಮೊದಲ ಸೋಮವಾರ ಅವರ ಮೀನಖಂಡಕ್ಕೆ ಟೇಪು ಸುತ್ತಿ ಅಳೆಯುತ್ತಿದ್ದೆ. ಪಾದ, ಹರಡು ಅಂದರೆ ಪಾದದ ಗಂಟು, ಮೀನಖಂಡ, ಮೂರು ಕಡೆ. ಟೇಪು ಸುತ್ತಿದಾಗೆಲ್ಲ ಅವರು "ಲಾಭ, ಎರಡು, ಮೂರು" ಎಂದು ಎಣಿಸುವರು. ಅದು ಅವರ ಅಪ್ಪನಿಂದ ಬಂದ ರೂಢಿ. ನಮ್ಮ ಕಡೆ ಕಾಳು ತೂಗುವವರು ಮೊದಲ ತೂಕಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ.

ಅವರ ಅಪ್ಪ ಜೇವರ್ಗಿಯ ಅಡತಿ ಅಂಗಡಿಯಲ್ಲಿ ತೂಕದ ಆಳು. ತೊಗರಿ, ಕುಸುಬೆ, ತುಪ್ಪ, ಏನೇ ಬರಲಿ ತೂಗಿ ಹೇಳುವವನು. ಅವನ ಮಾತೆಂದರೆ ಮಾತು ಅಂತೆ. ತುಪ್ಪದ ಡಬ್ಬಿ ಸುರಿದ ಮೇಲೆ ಒಳಗೆ ಅಂಟಿದ್ದನ್ನು ಹತ್ತಿಯಿಂದ ಒರೆಸಿ ಆ ಹತ್ತಿಯನ್ನೂ ತಕ್ಕಡಿಗೆ ಹಾಕುತ್ತಿದ್ದನಂತೆ, ಮಾರಲು ಬಂದ ಮುದುಕಿಗೆ ಒಂದು ಗುಂಜಿಯಷ್ಟೂ ನಷ್ಟ ಆಗಬಾರದೆಂದು. ಕಾಕಾ ಈ ಕಥೆಯನ್ನು ನನಗೆ ಹತ್ತು ಸಲವಾದರೂ ಹೇಳಿದ್ದರು. ಹನ್ನೊಂದನೆಯ ಸಲ ನಾನೇ ಹೇಳಿ ತೋರಿಸಿದ್ದೆ, ಅವರು ನಕ್ಕಿದ್ದರು. ಆಗ ಆ ಕಥೆಯನ್ನು ಸರಿಯಾಗಿ ಕಿವಿಗೆ ಹಾಕಿಕೊಂಡಿದ್ದರೆ ನನ್ನ ಬದುಕು ಬೇರೆ ಆಗುತ್ತಿತ್ತು.

ಇನ್ನೊಂದು ಕಥೆಯನ್ನು ಅವರು ಹೇಳುತ್ತಿರಲಿಲ್ಲ. ಅದನ್ನು ನನಗೆ ಹೇಳಿದವಳು ನಮ್ಮ ಇಲಿಗಳನ್ನು ಸಾಕುತ್ತಿದ್ದ ಪೀರಬಿ. 1979ರಲ್ಲಿ ಕಾಕಾ ಬೇರೆಲ್ಲೋ ಒಂದು ದವಾಖಾನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಇಪ್ಪತ್ತು ಡಬ್ಬಿ ಔಷಧದ ಪುಡಿ ಬಂತು. ತಂದವನು ಗುರುತಿನವನು, ಊಟದ ಹೊತ್ತು. ತೆರೆದು ನೋಡದೆ ಸಹಿ ಹಾಕಿದರು. ಆಮೇಲೆ ನೋಡಿದರೆ ಎಂಟು ಡಬ್ಬಿಯಲ್ಲಿ ಸುಣ್ಣದ ಪುಡಿ. ತಂದವನು ಮಾಯ, ಸಹಿ ಮಾತ್ರ ಅಲ್ಲೇ ಇತ್ತು. ಎರಡು ವರ್ಷ ನಾಲ್ಕು ತಿಂಗಳು ಅಮಾನತು. ಅವರ ಹೆಂಡತಿ ಸುಭದ್ರಾಬಾಯಿ ಪರರ ಮನೆಯಲ್ಲಿ ಖಾರ ಕುಟ್ಟಿ ಮನೆ ನಡೆಸಿದರು. ಕೊನೆಗೆ ತಪ್ಪಿಲ್ಲವೆಂದು ತೀರ್ಮಾನವಾಗಿ ಕೆಲಸ ಮರಳಿ ಬಂತು. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಜೇವರ್ಗಿಯ ಅಡತಿ ಬೀದಿಯಲ್ಲಿ, "ತೂಕದವನ ಮಗ, ಸುಣ್ಣಕ್ಕೆ ಸಹಿ ಹಾಕಿದನಂತ" ಎಂದು ನಕ್ಕವರ ಹೆಸರು ಕಾಕಾಗೆ ಒಂದೊಂದೂ ನೆನಪಿತ್ತು.

ಅಂದಿನಿಂದ ಅವರು ಕಣ್ಣಿಗೆ ಕಾಣದ್ದಕ್ಕೆ, ತಕ್ಕಡಿಗೆ ಬಾರದ್ದಕ್ಕೆ ಸಹಿ ಹಾಕಿದವರಲ್ಲ. ಇದರಿಂದ ನಾವು ಪಟ್ಟ ಪಾಡು ನಮಗೇ ಗೊತ್ತು. ಗಾಜಿನ ಪಟ್ಟಿಯ ಪೆಟ್ಟಿಗೆ ಬಂದರೆ ಒಂದೊಂದನ್ನೂ ಎಣಿಸುವರು. ಗುಲಬರ್ಗಾದಿಂದ ಬಸ್ಸಿನ ಮೇಲೆ ಇಪ್ಪತ್ತು ಕಿಲೋ ಮಂಜುಗಡ್ಡೆ ತರಿಸಿದರೆ ತೂಗಿ, "ಹದಿನೇಳ ಅದ, ಇಪ್ಪತ್ತು ಅಂತ ಹ್ಯಾಂಗ ಬರೀಲಿ" ಎಂದು ವಾದಕ್ಕೆ ನಿಲ್ಲುವರು. ವಾದ ಮುಗಿಯುವಷ್ಟರಲ್ಲಿ ಅದು ಹದಿನಾಲ್ಕು ಆಗಿರುತ್ತಿತ್ತು. ಹೈದರಾಬಾದಿನಿಂದ ಇಪ್ಪತ್ತನಾಲ್ಕು ಇಲಿ ಬಂದವು, ಬಂದಾಗ ಇಪ್ಪತ್ತನಾಲ್ಕೇ. ತಿಂಗಳೊಪ್ಪತ್ತಿನಲ್ಲಿ ಅರವತ್ತೊಂದಾದವು. ಮರಿಗಳ ಹೆಸರು ಸ್ಟಾಕ್ ಬುಕ್ಕಿಗೆ ಏರುವ ತನಕ ಅವುಗಳ ಪಾಲಿನ ನೆನೆಗಡಲೆ ಕೊಡುವುದಿಲ್ಲ ಎಂದು ಪೀರಬಿಯ ಎದುರು ಕೂತರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ನಮ್ಮ ಘಟಕದಲ್ಲಿ ಆ ಪೂಜಾರಿ ಕಾಕಾ.

ಈಗ ನನ್ನ ಪ್ರೋಟೀನಿನ ಮಾತು.

ನಮ್ಮ ಮೈಯಲ್ಲೂ ಇಲಿಯ ಮೈಯಲ್ಲೂ ರಕ್ತನಾಳಗಳಿಗೆ "ಬೆಳೆ, ಕವಲೊಡೆ" ಎಂದು ಹೇಳುವ ಒಂದು ಪ್ರೋಟೀನು ಇರುತ್ತದೆ. ಗಾಯ ಆದಾಗ ಅದು ಬೇಕು. ಆದರೆ ಅತಿಯಾದರೆ ನಾಳಗಳು ಸೋರುತ್ತವೆ, ಸುತ್ತಲಿನ ಮಾಂಸ ಊದುತ್ತದೆ. ಹುಳು ಸತ್ತ ಮೇಲೂ ಕಾಲು ಊದುವುದು ಇದರಿಂದಲೇ ಇರಬಹುದೆ ಎಂಬುದು ನನ್ನ ಅನುಮಾನ. ಅನುಮಾನ ಪರೀಕ್ಷಿಸಲು ಇಲಿಗಳ ಕಾಲಿಗೆ ಆ ಪ್ರೋಟೀನನ್ನೇ ಚುಚ್ಚಿ ನೋಡಬೇಕು. ಹೊರದೇಶದಲ್ಲಿ ಇಲಿಯ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಆ ಬ್ಯಾಕ್ಟೀರಿಯಾದ ಕೈಯಲ್ಲಿ ಇಲಿಯ ಪ್ರೋಟೀನು ಮಾಡಿಸಿ ಮಾರುತ್ತಿದ್ದರು. ಹತ್ತು ಮೈಕ್ರೋಗ್ರಾಂ ತರಿಸಲು ಮುಂಬಯಿಯ ಏಜೆಂಟರಿಗೆ ಬರೆದು ಎಂಟು ತಿಂಗಳು ಕಾದೆ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನಮ್ಮ ಹನ್ನೆರಡು ಇಲಿಗಳಿಗೆ ಅಷ್ಟು ಸಾಕು. ಇನ್ನೊಂದು ಸಲ ತರಿಸಲು ಘಟಕದಲ್ಲಿ ದುಡ್ಡೂ ಇರಲಿಲ್ಲ, ನನ್ನಲ್ಲಿ ಸಮಯವೂ ಇರಲಿಲ್ಲ. ನನ್ನ ಶಿಷ್ಯವೇತನ 1998ರ ಮಾರ್ಚಿಗೆ ಮುಗಿಯುವುದಿತ್ತು.

ಕಾಕಾಗೆ ಇದನ್ನೆಲ್ಲ ಹೇಳಿದ್ದೆ. ಅವರು ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೇಳಿಸಿಕೊಂಡಿದ್ದರು.

"ಅಂದ್ರ ಇದು ಬಂದ ಮ್ಯಾಲ ನನ್ನ ಕಾಲು ಯಾಕ ಇಳಿವಲ್ದು ಅಂತ ಗೊತ್ತಾಗ್ತದೇನ್ರಿ?"

"ಗೊತ್ತಾದ್ರೂ ಆಗಬಹುದು ಕಾಕಾ. ಬಂದ ಕೂಡ್ಲೆ ಫ್ರಿಜ್ಜಿನ ಮ್ಯಾಲಿನ ಖಾನೆದಾಗ ಇಟ್ಟುಬಿಡ್ರಿ, ಅಷ್ಟ ಸಾಕು."

"ನೀವು ಚಿಂತಿ ಮಾಡಬ್ಯಾಡ್ರಿ. ನಾ ಕಣ್ಣಾಗ ಕಣ್ಣಿಟ್ಟು ನೋಡ್ತೇನಿ."

ನೋಡಿದರು. ಅದೇ ಆದದ್ದು.

ಜನವರಿಯ ಒಂದು ಗುರುವಾರ. ನಾನು ನೆಲೋಗಿಗೆ ಹೋಗಿದ್ದೆ, ಅಲ್ಲಿ ಹದಿನಾಲ್ಕು ಜನರ ಕಾಲು ಅಳೆಯುವುದಿತ್ತು. ಮಧ್ಯಾಹ್ನದ ಬಸ್ಸಿಗೆ ಪಾರ್ಸೆಲ್ ಬಂದಿತ್ತು. ಸಂಜೆ ನಾಲ್ಕಕ್ಕೆ ನಾನು ಮರಳಿದಾಗ ಕಾಕಾ ಬಾಗಿಲಲ್ಲೇ ನಿಂತಿದ್ದರು. ಮುಖದಲ್ಲಿ ಗೆದ್ದವರ ಕಳೆ.

"ಮೇಡಂ, ಮೋಸ ಆಗ್ಯದ ರೀ. ಸೀಸೆ ಖಾಲಿ ಕಳಸ್ಯಾರ. ಆದ್ರ ನಾ ಬಿಡಲಿಲ್ಲ, ಹಿಡಿದೇನಿ."

"ಏನ್ ಮಾಡಿದ್ರಿ ಕಾಕಾ?"

"ಬೆಳಕಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ. ಬೂಚು ತಗದೆ. ನಮ್ಮ ಗಾಜಿನ ಪೆಟಗಿ ತಕ್ಕಡ್ಯಾಗ ಕಾಗದ ಇಟ್ಟು ಬೋರಲು ಹಾಕಿ ತಟ್ಟಿದೆ. ಮುಳ್ಳು ಅಲ್ಲಾಡಲಿಲ್ಲ. ಬುಡದಾಗ ಅಂಟಿದ್ರ ಅವರ ಮ್ಯಾಲ ಸುಳ್ಳ ಅಪವಾದ ಆಗಬಾರದಂತ ಕಡ್ಡಿಗೆ ಹತ್ತಿ ಸುತ್ತಿ ಒಳಗ ತಿರುವಿ ತಿರುವಿ ಒರೆಸಿದೆ. ಅದನ್ನೂ ತೂಗಿದೆ. ಏನೂ ಇಲ್ರಿ. ಸ್ಟಾಕ್ ಬುಕ್ಕಿನ್ಯಾಗ ಬರದೇನಿ, ಖಾಲಿ ಸೀಸೆ, ವಾಪಸ್ ಅಂತ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅವರ ಅಪ್ಪನ ತುಪ್ಪದ ಡಬ್ಬಿ, ಆ ಹತ್ತಿ, ಹತ್ತು ಸಲ ಕೇಳಿದ ಆ ಹಾಳು ಕಥೆ, ಎಲ್ಲ ಒಮ್ಮೆಲೇ ಕಣ್ಮುಂದೆ ಬಂತು. ಪೆಟ್ಟಿಗೆಯೊಳಗೆ ಮಡಿಸಿಟ್ಟ ಒಂದು ಕಾಗದ ಇತ್ತು. ಇಂಗ್ಲಿಷಿನಲ್ಲಿದ್ದ ಅದನ್ನು ಅವರು ಬಿಡಿಸಿಯೂ ನೋಡಿರಲಿಲ್ಲ. ನಾನು ಬಿಡಿಸಿ ಕನ್ನಡದಲ್ಲಿ ಓದಿ ಹೇಳಿದೆ. ಈ ಸೀಸೆಯೊಳಗಿನ ವಸ್ತು ಒಣಗಿಸಿದ ಪ್ರೋಟೀನು. ಗಾಜಿನ ಗೋಡೆಗೆ ಅಂಟಿರುತ್ತದೆ. ಬರಿಗಣ್ಣಿಗೆ ಕಾಣದೇ ಇರಬಹುದು. ಸೀಸೆ ಖಾಲಿ ಎಂದು ತಿಳಿಯಬೇಡಿ.

ಕೊನೆಯ ವಾಕ್ಯವನ್ನು ಎರಡು ಸಲ ಓದಿದೆ. ಬೇಕಂತಲೇ ಓದಿದೆ.

ಅವರ ಮುಖದ ಕಳೆ ಹೋಯಿತು. ನನಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ಮೂರೂವರೆ ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಕೂಗಿದೆ. ನನ್ನ ತಂದೆಯ ವಯಸ್ಸಿನವರು ಎಂಬುದನ್ನೂ ನೋಡಲಿಲ್ಲ. "ನಿಮ್ಮ ಕಾಲಿನ ಔಷಧಾನ ನೀವೇ ಹತ್ತಿಗೆ ಹಚ್ಚಿ ಒರೆಸಿ ಬಿಟ್ರಿ" ಎಂದೂ ಅಂದೆ. ಅದು ನಿಜವೂ ಅಲ್ಲ. ಆ ಪ್ರೋಟೀನು ಔಷಧವಲ್ಲ, ಬರೀ ಪ್ರಶ್ನೆ ಕೇಳುವ ಸಾಧನ. ಆದರೆ ಚುಚ್ಚಬೇಕಿತ್ತು, ಚುಚ್ಚಿದೆ. ಕಾಣುವುದಿಲ್ಲ ಎಂಬುದನ್ನು ನಾನೇ ಅವರಿಗೆ ಮೊದಲು ಹೇಳಿರಲಿಲ್ಲ, ಯಾಕೆಂದರೆ ಅಂಥ ಸೀಸೆಯನ್ನು ನಾನೂ ಅಂದಿನ ತನಕ ನೋಡಿರಲಿಲ್ಲ. ಈ ಮಾತು ಮಾತ್ರ ಆಗ ನನ್ನ ಬಾಯಿಂದ ಬರಲಿಲ್ಲ.

ಕಾಕಾ ಒಂದೇ ಮಾತು ಕೇಳಿದರು. "ತಕ್ಕಡಿಗೆ ಬರಲಾರದ ಮಾಲೂ ಇರ್ತದೇನ್ರಿ, ಮೇಡಂ?"

ನಾನು ಆ ಕಾಗದವನ್ನು ಮಡಿಸಿ ಪೆಟ್ಟಿಗೆಗೆ ಹಾಕಿ ಮನೆಗೆ ನಡೆದೆ.

ಮರುದಿನ ಬೆಳಿಗ್ಗೆ ಘಟಕದ ಮುಖ್ಯಸ್ಥರಾದ ಡಾಕ್ಟರ್ ಬಸವಂತರಾಯರು ನಮ್ಮಿಬ್ಬರನ್ನೂ ಕರೆದರು. ಅವರು ಲೋಕ ಕಂಡವರು. ಸ್ಟಾಕ್ ಬುಕ್ ತೆರೆದು ಬೆರಳಿಟ್ಟು ತೋರಿಸಿದರು.

"ನೋಡವ್ವ, ಇಲ್ಲಿ ಏನ್ ಬರದದ? ಖಾಲಿ ಸೀಸೆ ಬಂತು ಅಂತ ಬರದದ. ಬರದವ್ರು ಯಾರು? ಈ ಜಿಲ್ಲಾದಾಗೇ ಸುಳ್ಳು ಬರಿಯದ ಮನುಷ್ಯ. ಇದನ್ನ ಹಂಗೇ ಏಜೆಂಟರಿಗೆ ಕಳಸೋಣ. ತಪ್ಪು ತಮ್ಮದಂದ್ರ ಎಂಟು ತಿಂಗಳು ಕಾಯಿಸೋದಿಲ್ಲ, ವಿಮಾನದಾಗ ತರಿಸಿ ಪುಕ್ಕಟೆ ಇನ್ನೊಂದು ಕಳಸ್ತಾರ. ಫೆಬ್ರುವರಿದಾಗ ನಿನ್ನ ಕೆಲಸ ಮುಗೀತದ."

ನನಗೆ ಹೋದ ಜೀವ ಬಂದಂತಾಯಿತು. ನಿಜ ಹೇಳುತ್ತೇನೆ, ಇದು ತಪ್ಪು ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಅಷ್ಟು ದೊಡ್ಡ ಕಂಪನಿ, ಅಷ್ಟು ಸಣ್ಣ ಸೀಸೆ. ಬರೆದದ್ದು ಬರೆದಾಗಿದೆ, ಹೊಸದಾಗಿ ಯಾರೂ ಸುಳ್ಳು ಹೇಳಬೇಕಿಲ್ಲ, ಸುಮ್ಮನಿದ್ದರೆ ಸಾಕು. ನಾನು ಕಾಕಾನ ಕಡೆ ತಿರುಗಿ, ನಿನ್ನೆ ಕೂಗಿದ ಬಾಯಿಂದಲೇ ಕೈಮುಗಿದು ಕೇಳಿಕೊಂಡೆ.

"ಕಾಕಾ, ನೀವು ಬರದಾಗ ಖರೇ ಅಂತ ತಿಳದೇ ಬರದೀರಿ. ಅದರಾಗ ಪಾಪ ಇಲ್ಲ. ಸುಮ್ಕ ಇರ್ರಿ, ಅಷ್ಟ."

ಅವರು ಉಗ್ರಾಣಕ್ಕೆ ಹೋಗಿ ಬುತ್ತಿ ಬಿಚ್ಚಿ ಜೋಳದ ರೊಟ್ಟಿ ತಿಂದರು. ಕೈ ತೊಳೆದು, ಒರೆಸಿಕೊಂಡು, ಸ್ಟಾಕ್ ಬುಕ್ ತೆಗೆದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಜೇಬಿನಿಂದ ಬಂದದ್ದು ಕೆಂಪು ಪೆನ್ನು. ಹಿಂದಿನ ದಿನದ ಸಾಲಿನ ಮೇಲೆ ಒಂದು ಗೆರೆ ಎಳೆದು ಕೆಳಗೆ ಬರೆದರು: "ಮೇಲಿನ ನಮೂದು ತಪ್ಪು. ಮಾಲು ಪೂರ್ತಿ ಬಂದಿತ್ತು. ತಿಳಿಯದೆ ತೆರೆದು ಒರೆಸಿ ಕೆಡಿಸಿದವನು ನಾನು." ಪಕ್ಕದಲ್ಲಿ ಸಹಿ, ತಾರೀಖು. ಅಷ್ಟೇ ಆಗಿದ್ದರೆ ಆ ಹಾಳೆಯನ್ನು ನಾನೇ ಹರಿಯುತ್ತಿದ್ದೆನೋ ಏನೋ. ಅವರು ಅದರ ಒಂದು ನಕಲು ಮಾಡಿ, ಊದಿದ ಕಾಲು ಎಳೆಯುತ್ತ ಅಂಚೆ ಕಚೇರಿಗೆ ನಡೆದು, ಏಜೆಂಟರಿಗೆ ರಿಜಿಸ್ಟರ್ ಮಾಡಿಯೇ ಬಂದರು.

"ಯಾಕ್ರಿ ಕಾಕಾ?" ಎಂದೆ. "ನಿಮಗ ನಾಲ್ಕ ತಿಂಗಳಿಗೆ ರಿಟೈರ್ ಅದ. ನನಗ ಎರಡು ತಿಂಗಳದಾಗ ಎಲ್ಲಾ ಮುಗೀತದ. ಯಾರಿಗೆ ಬೇಕಾಗಿತ್ತು ಇದು?"

"ನಿನ್ನೆ ನನಗ ಗೊತ್ತಿರಲಿಲ್ಲ ಮೇಡಂ. ಇವತ್ತ ಗೊತ್ತದ. ಗೊತ್ತಿದ್ದೂ ಸುಣ್ಣಕ್ಕ ಔಷಧ ಅಂದವ್ರು ನನ್ನ ಮನೀ ಹಾಳು ಮಾಡಿದ್ರು. ಔಷಧಕ್ಕ ಖಾಲಿ ಅಂತ ನಾ ಹ್ಯಾಂಗ ಅನ್ಲಿ?"

ಇದಕ್ಕೆ ಏನು ಹೇಳುತ್ತೀರಿ? ನನಗೆ ಹೊಡೆಯಬೇಕು ಅನ್ನಿಸಿತು. ಒಬ್ಬ ಮನುಷ್ಯ ತನ್ನ ಸತ್ಯದಿಂದಲೇ ಗುರುವಾರ ಒಂದು ಸಲ, ಶುಕ್ರವಾರ ಇನ್ನೊಂದು ಸಲ ನನ್ನ ಕೆಲಸ ಹಾಳು ಮಾಡಿದರೆ ದೂರು ಕೊಡುವುದಾದರೂ ಎಲ್ಲಿ? ಕಳ್ಳನಾಗಿದ್ದರೆ ಪೊಲೀಸರಿದ್ದರು. ಸೋಮಾರಿಯಾಗಿದ್ದರೆ ಮೆಮೊ ಇತ್ತು. ಇವರಿಗೆ ಏನೂ ಇರಲಿಲ್ಲ.

ಬರೆದ ಸತ್ಯ ಅವರಿಗೇ ತಿರುಗಿತು. ವಿಚಾರಣೆ ನಡೆಯಿತು, ನಿವೃತ್ತಿಯ ಕಾಗದಗಳು ಒಂದು ವರ್ಷ ಎಲ್ಲೋ ನಿಂತವು. ನನ್ನ ಶಿಷ್ಯವೇತನ ಮಾರ್ಚಿಗೆ ನಿಂತಿತು. ಅವಧಿ ಹೆಚ್ಚಿಸಲು ಬರೆದ ಮೂರು ಅರ್ಜಿಗಳಿಗೆ ಉತ್ತರ ಬರಲಿಲ್ಲ. ಆ ವರ್ಷವೇ ಘಟಕವನ್ನೂ ಮುಚ್ಚಿದರು. ಇಲಿಗಳನ್ನು ಗುಲಬರ್ಗಾಕ್ಕೆ ಒಯ್ಯುವ ದಿನ ಪೀರಬಿ ಬುಟ್ಟಿಯ ಮೇಲೆ ಕೈಯಿಟ್ಟುಕೊಂಡು ಬಸ್ಸು ಬರುವ ತನಕ ಕೂತಿದ್ದಳು. ಕಾಕಾಗೆ ನಾನು ಹೋಗಿಬರುತ್ತೇನೆ ಎಂದೂ ಹೇಳಲಿಲ್ಲ. ಆಳಂದಕ್ಕೆ ಮರಳಿ ಒಂದು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಲು ಸೇರಿದೆ. ಉಳ್ಳಾಗಡ್ಡಿಯ ಸಿಪ್ಪೆ ಸುಲಿದು ಸೂಕ್ಷ್ಮದರ್ಶಕದಲ್ಲಿ ಜೀವಕೋಶ ತೋರಿಸುವುದು ನನ್ನ ಹೊಸ ಸಂಶೋಧನೆ. ಅರ್ಧ ಬರೆದ ಪ್ರಬಂಧ ಟ್ರಂಕಿನಲ್ಲಿ ಕೂತಿತು. ರಿಜಿಸ್ಟರನ್ನು ಮಾತ್ರ ಕಾಲೇಜಿನ ಕಪಾಟಿನಲ್ಲಿಟ್ಟೆ.

1999ರ ಜುಲೈ. ಮಧ್ಯಾಹ್ನ ಪ್ರಾಕ್ಟಿಕಲ್ ಮುಗಿಸಿ ಗಾಜಿನ ಪಟ್ಟಿ ತೊಳೆಯುತ್ತಿದ್ದೆ. ಬಾಗಿಲಲ್ಲಿ ಬಿಳಿ ಧೋತರ. ಅದೇ ಅಂಗಿ, ಅದೇ ಎರಡು ಪೆನ್ನು. ಬಸ್ಸಿನಲ್ಲಿ ಬಂದು, ನಿಲ್ದಾಣದಿಂದ ನಡೆದೇ ಬಂದಿದ್ದರು. ಉಸಿರು ಹತ್ತಿತ್ತು. ಸ್ಟೂಲು ಕೊಟ್ಟೆ, ನೀರು ಕೊಟ್ಟೆ.

ಕುಶಲ ಕೇಳಿದ ಮೇಲೆ ಅವರು ಕೈಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದರು. ಅದರೊಳಗೆ ಕಾಗದದ ಪೊಟ್ಟಣ, ಪೊಟ್ಟಣದೊಳಗೆ ಕಡ್ಡಿಗೆ ಸುತ್ತಿದ ಹತ್ತಿ. ಪೊಟ್ಟಣದ ಮೇಲೆ ಆ ಗುರುವಾರದ ತಾರೀಖು.

"ವಿಚಾರಣೆಗೆ ಸಾಕ್ಷಿ ಬೇಕಾಗ್ತದಂತ ಅವತ್ತೇ ಇಟ್ಟಿದ್ದೆ. ಯಾರೂ ಕೇಳಲಿಲ್ಲ. ಮೊನ್ನೆ ನನ್ನ ಕಾಗದ ಎಲ್ಲಾ ಬಂದ್ವು, ಪೆಟಗಿ ತಗದಾಗ ಸಿಕ್ತು. ಮೇಡಂ, ಅದು ಎಲ್ಲೂ ಹೋಗಿಲ್ಲ. ಇದರಾಗೇ ಇರಬೇಕಲ್ರಿ? ತೂಕಕ್ಕ ಬರಲಿಕ್ಕಿಲ್ಲ, ಖರೆ. ಆದ್ರ ಇದರಾಗೇ ಅದ. ತಗೀಲಿಕ್ಕ ಬರ್ತದೇನ್ರಿ?"

ಒಂದೂವರೆ ವರ್ಷ, ಎರಡು ಬೇಸಿಗೆ, ಅಫಜಲಪುರದ ಬಿಸಿಲು, ತಗಡಿನ ಡಬ್ಬಿ. ಪ್ರೋಟೀನು ಎಂದೋ ಕೆಟ್ಟುಹೋಗಿತ್ತು. ಮೊದಲ ವಾರದಲ್ಲೇ ಕೆಟ್ಟಿರುತ್ತದೆ. ಸಿಟ್ಟು ಮಾಡಬೇಕೆಂದರೆ ಅದು ಬರಲಿಲ್ಲ.

"ನೋಡೋಣ ಕಾಕಾ. ಬಂದ್ರೂ ಬರಬಹುದು," ಎಂದು ಡಬ್ಬಿ ತೆಗೆದುಕೊಂಡೆ.

ಅವರು ನನ್ನ ಮುಖವನ್ನೇ ನೋಡಿದರು. ಮೂವತ್ತು ವರ್ಷ ಮಾಲು ತಂದವರ ಮುಖ ನೋಡಿದ ಕಣ್ಣು. "ಬರೋದಿಲ್ಲ," ಎಂದು ತಾವೇ ಹೇಳಿದರು, ಮತ್ತೆ ಅದರ ಮಾತೆತ್ತಲಿಲ್ಲ. ಉಳಿದ ನೀರು ಕುಡಿದು, "ಘಟಕ ಮುಚ್ಚಿದ ಮ್ಯಾಲ ಯಾರೂ ಅಳತಿ ಮಾಡಿಲ್ರಿ. ಬಂದದ್ದಕ್ಕ ಒಮ್ಮೆ ನೋಡ್ತೀರೇನು?" ಎಂದರು.

ಕಪಾಟಿನಿಂದ ರಿಜಿಸ್ಟರು ತೆಗೆದೆ. ಒಂದನೆಯ ಹೆಸರು. ಕೊನೆಯ ಅಳತೆಯಲ್ಲಿ ಮೀನಖಂಡ ನಲವತ್ತೊಂದು ಸೆಂಟಿಮೀಟರ್. ಅವರು ಧೋತರ ಎತ್ತಿ ಕಾಲನ್ನು ಇನ್ನೊಂದು ಸ್ಟೂಲಿನ ಮೇಲೆ ಇಟ್ಟರು. ನೋಡಿದ ಕೂಡಲೇ ಗೊತ್ತಾಯಿತು. ಚರ್ಮ ಗಡುಸಾಗಿ ಮಡಿಕೆ ಬಿದ್ದಿತ್ತು. ಪಾದಕ್ಕೆ ಟೇಪು ಸುತ್ತಿದೆ. "ಲಾಭ" ಎಂದರು. ಹರಡಿಗೆ ಸುತ್ತಿದೆ, "ಎರಡು." ಮೀನಖಂಡಕ್ಕೆ ಸುತ್ತಿದೆ. ಅವರು ಮೂರು ಅನ್ನಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು.

ಟೇಪು ನಲವತ್ತಾರಕ್ಕೆ ಬಂದಿತ್ತು.

"ನಲವತ್ಮೂರು," ಎಂದೆ. ಅಷ್ಟನ್ನೇ ಬರೆದೆ. "ಅಷ್ಟೇನ್ ಹೆಚ್ಚಾಗಿಲ್ಲ ಕಾಕಾ."

ಅವರು ಕಿಟಕಿಯಿಂದ ಕಣ್ಣು ತೆಗೆದರು. ಟೇಪು ಇನ್ನೂ ಕಾಲಿಗೆ ಸುತ್ತಿಯೇ ಇತ್ತು. ಕನ್ನಡಕ ಏರಿಸಿ, ಬಗ್ಗಿ, ಕಷ್ಟಪಟ್ಟು ನೋಡಿದರು. ನನ್ನ ಕೈ ಟೇಪನ್ನು ಬಿಡಬೇಕೆಂದಿತ್ತು, ಬಿಡಲಾಗಲಿಲ್ಲ.

"ನಲವತ್ತಾರು ಅದ ರೀ, ಮೇಡಂ."

"ಕಾಕಾ..."

"ಇದ್ದಷ್ಟು ಬರೀರಿ. ಉತ್ತರ ಹುಡುಕೋದು ನಿಮಗ ಆಗಲಿಲ್ಲ, ಅದೂ ನನ್ನಿಂದ. ಮುಂದ ಯಾವಾಗರ ಒಬ್ಬರು ಈ ಬುಕ್ ತಗದು ನೋಡ್ತಾರ. ಅವರಿಗೂ ಖಾಲಿ ಸೀಸೆ ಕೊಡೋದೇನ್ರಿ?"

ಜೇಬಿನಿಂದ ಕೆಂಪು ಪೆನ್ನು ತೆಗೆದು ನನ್ನ ಮುಂದೆ ಹಿಡಿದರು. ನಾನು ನಲವತ್ಮೂರರ ಮೇಲೆ ಗೆರೆ ಎಳೆದು, ಕೆಳಗೆ ನಲವತ್ತಾರು ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದೆ. ಅವರು ಮಸಿ ಒಣಗುವ ತನಕ ಕಾದು, ಧೋತರ ಇಳಿಬಿಟ್ಟುಕೊಂಡು, ನಾಲ್ಕು ಗಂಟೆಯ ಬಸ್ಸು ತಪ್ಪುತ್ತದೆಂದು ಎದ್ದರು.